ರಸ್ತೆ ಪರದೆಯಿಂದ ದರಬಾರಿಗೆ: ತುಘಲಕ್ ಮತ್ತು ಅಜೀಜ್

ಕಂಪನಿ ನಾಟಕ ನೋಡಿ ಬೆಳೆದ ತಲೆಮಾರಿಗೆ ರಂಗದ ಎರಡು ಭಾಗಗಳು ಚೆನ್ನಾಗಿ ಗೊತ್ತಿದ್ದವು. ರಂಗದ ಪೂರ್ತಿ ಆಳ ತೆರೆದುಕೊಂಡರೆ ಅದು ದರಬಾರು, ಅಂತಃಪುರ, ಉದ್ಯಾನ. ಅಲ್ಲಿ ರಾಜ, ರಾಣಿ, ಮಂತ್ರಿ. ಮುಂದಿನ ಪರದೆ ಇಳಿದು ಅದರ ಮೇಲೆ ಬೀದಿಯ ಚಿತ್ರ ಕಂಡಿತೆಂದರೆ ಬರುವವರು ಆಳುಕಾಳು, ಕಳ್ಳ, ಹಾಸ್ಯಗಾರ. ಬೀದಿಯ ದೃಶ್ಯಕ್ಕೆ ವ್ಯಾವಹಾರಿಕ ಕಾರಣವೊಂದಿತ್ತು. ಪರದೆಯ ಹಿಂದೆ ಮುಂದಿನ ದೃಶ್ಯದ ಸಾಮಾನು ಜೋಡಿಸಿ ಮುಗಿಯುವ ತನಕ ಜನರನ್ನು ಹಿಡಿದು ಕೂರಿಸಬೇಕಿತ್ತು. ಹಾಸ್ಯಗಾರನಿಗೆ ಎಷ್ಟೇ ಚಪ್ಪಾಳೆ ಬಿದ್ದರೂ ಅವನಿಗೆಂದು ಇದ್ದದ್ದು ಆ ರಸ್ತೆ ಪರದೆಯ ಎದುರಿನ ಕಿರಿದಾದ ಪಟ್ಟಿ.

ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ಇಂಥ ನಾಟಕಗಳನ್ನು ಕಂಡವರು. 1964ರಲ್ಲಿ ಪ್ರಕಟವಾದ ‘ತುಘಲಕ್’ ನಾಟಕಕ್ಕೆ ಅವರು ಈ ಎರಡು ವಲಯಗಳ ಕ್ರಮವನ್ನೇ ಅಳವಡಿಸಲು ಹೊರಟಿದ್ದರು. ಬರೆಯುತ್ತ ಹೋದಂತೆ ಬೀದಿಯ ದೃಶ್ಯಗಳು ಹತೋಟಿ ಮೀರಿ ಉಬ್ಬಿದವು, ದರಬಾರಿನ ದೃಶ್ಯಗಳು ಬರಿದಾಗುತ್ತ ಬಂದವು, ಕೊನೆಯ ದೃಶ್ಯದಲ್ಲಿ ಹಾಸ್ಯದ ನಾಯಕ ಅರಮನೆಯೊಳಕ್ಕೇ ನಡೆದು ಬಂದು ಸುಲ್ತಾನನಿಗೆ ಸರಿಸಮನಾಗಿ ನಿಂತ ಎಂದು ಅವರು ಮುಂದೆ ತಮ್ಮ ಇಂಗ್ಲಿಷ್ ನಾಟಕ ಸಂಪುಟದ ಮುನ್ನುಡಿಯೊಂದರಲ್ಲಿ ವಿವರಿಸಿದರು. ಜನಸಾಮಾನ್ಯರು ಮತ ಹಾಕುವ ಹಕ್ಕು ಪಡೆದ ದೇಶದಲ್ಲಿ ಕುಳಿತು ಬರೆಯುತ್ತಿದ್ದುದರಿಂದ ಹೀಗಾಯಿತು ಎಂಬುದು ಅವರ ವಿವರಣೆ.

ಈ ಉಪನ್ಯಾಸದ ವಿಷಯ ಆ ನಡಿಗೆ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಮತ್ತು ಅಗಸ ಅಜೀಜ್ ಒಂದೇ ನಾಟಕದ ಎರಡು ತುದಿಗಳಲ್ಲಿ ನಿಂತ ಮಹತ್ವಾಕಾಂಕ್ಷಿಗಳು. ತಮ್ಮಿಂದ ಲೋಕ ಏನನ್ನು ನಿರೀಕ್ಷಿಸುತ್ತದೋ ಅದನ್ನು ಇಬ್ಬರೂ ಧಿಕ್ಕರಿಸುತ್ತಾರೆ. ಸುಲ್ತಾನನಾದವನು ಧರ್ಮಗುರುಗಳ ಮಾತು ಕೇಳಬೇಕು, ಗೆದ್ದದ್ದನ್ನು ಉಳಿಸಿಕೊಂಡು ಸುಖವಾಗಿರಬೇಕು. ಅಗಸನಾದವನು ಬಟ್ಟೆ ಒಗೆಯಬೇಕು. ಇಬ್ಬರೂ ಇದಕ್ಕೆ ಒಪ್ಪುವುದಿಲ್ಲ. ‘ತುಘಲಕ್’ ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಸುಲ್ತಾನನ ಸುತ್ತಲೇ ನಡೆದಿದೆ. ಅವನು ನೆಹರೂ ಯುಗದ ಕನಸು ಮತ್ತು ಭ್ರಮನಿರಸನದ ರೂಪಕವೇ ಎಂಬ ಪ್ರಶ್ನೆಗೆ ಪುಟಗಟ್ಟಲೆ ಮೀಸಲಾಗಿದೆ. ಆ ಓದಿಗೆ ಆಧಾರವಿದೆ. ನಾಟಕ ಬಂದ ವರ್ಷದ ಮೇ ತಿಂಗಳಲ್ಲೇ ನೆಹರೂ ತೀರಿಕೊಂಡರು. ಆದರೆ ಆ ಓದು ಅಜೀಜನನ್ನು ಮತ್ತೆ ರಸ್ತೆ ಪರದೆಯ ಎದುರಿಗೇ ತಳ್ಳುತ್ತದೆ. ಅವನನ್ನು ಸುಲ್ತಾನನ ಪಕ್ಕದಲ್ಲೇ ಇಟ್ಟು ನೋಡಿದರೆ ನಾಟಕ ಬೇರೆಯಾಗಿ ಕಾಣುತ್ತದೆ.

ನಾಟಕ 1327ರಲ್ಲಿ, ದೆಹಲಿಯ ನ್ಯಾಯಾಲಯದ ಅಂಗಳದಲ್ಲಿ ತೆರೆದುಕೊಳ್ಳುತ್ತದೆ. ಶಿಕ್ನಾರಿನ ಬ್ರಾಹ್ಮಣ ವಿಷ್ಣುಪ್ರಸಾದ ಎಂಬವನು ಸುಲ್ತಾನನ ಮೇಲೆಯೇ ದಾವೆ ಹೂಡಿದ್ದಾನೆ: ಸರ್ಕಾರದ ಅಧಿಕಾರಿಗಳು ತನ್ನ ಭೂಮಿಯನ್ನು ಅನ್ಯಾಯವಾಗಿ ಕಿತ್ತುಕೊಂಡರು ಎಂದು. ತೀರ್ಪು ಅವನ ಪರವಾಗಿದೆ. ಸುಲ್ತಾನ ತಪ್ಪೊಪ್ಪಿಕೊಂಡಿದ್ದಾನೆ. ಪರಿಹಾರವಾಗಿ 500 ಬೆಳ್ಳಿ ದಿನಾರು, ಜೊತೆಗೆ ಸರ್ಕಾರಿ ನೌಕರಿ. ನೆರೆದ ಜನ ಬೆರಗಾಗಿದ್ದಾರೆ, ಕೆಲವರು ಗೊಣಗುತ್ತಿದ್ದಾರೆ. ಆ ಗಳಿಗೆಯಲ್ಲೇ ಸುಲ್ತಾನ ಹೊರಬಂದು, ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸುವುದಾಗಿ ಸಾರುತ್ತಾನೆ. ದೌಲತಾಬಾದು ಹಿಂದೂಗಳ ನಗರ, ಅದು ರಾಜಧಾನಿಯಾದರೆ ಎರಡು ಸಮುದಾಯಗಳ ನಡುವಿನ ಬೆಸುಗೆ ಗಟ್ಟಿಯಾಗುತ್ತದೆ ಎಂಬುದು ಅವನು ಕೊಡುವ ಕಾರಣ.

ಜನ ಚದುರಿದ ಮೇಲೆ ಬ್ರಾಹ್ಮಣ ಉಳಿಯುತ್ತಾನೆ. ಅವನ ಹಳೆಯ ಪರಿಚಯದ ಜೇಬುಗಳ್ಳ ಆಜಮ್ ಅವನನ್ನು ಗುರುತು ಹಿಡಿಯುತ್ತಾನೆ. ವಿಷ್ಣುಪ್ರಸಾದ ಎಂಬವನು ಅಗಸ ಅಜೀಜ್. ಸುಲ್ತಾನನ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದೆಂಬ ಘೋಷಣೆ ಕಿವಿಗೆ ಬಿದ್ದದ್ದೇ, ಸರ್ಕಾರ ವಶಪಡಿಸಿಕೊಂಡಿದ್ದ ಭೂಮಿಯ ಬ್ರಾಹ್ಮಣ ಮಾಲೀಕನನ್ನು ಹುಡುಕಿ, ಹಿಂದಿನ ತಾರೀಕು ಹಾಕಿದ ಪತ್ರದ ಮೂಲಕ ಆ ಭೂಮಿಯನ್ನು ಕೊಂಡುಕೊಂಡಿದ್ದಾನೆ. ಬ್ರಾಹ್ಮಣನ ವೇಷವೇ ಏಕೆ ಎಂಬುದಕ್ಕೂ ಅವನಲ್ಲಿ ಉತ್ತರವಿದೆ. ಮುಸ್ಲಿಮನೊಬ್ಬ ಮುಸ್ಲಿಂ ದೊರೆಯ ಮೇಲೆ ದಾವೆ ಹೂಡಿದರೆ ಅದರಲ್ಲಿ ಏನು ವಿಶೇಷ? ಹಿಂದೂ ಫಿರ್ಯಾದಿಯಾದರೆ ಮಾತ್ರ ಸುಲ್ತಾನನ ಸಮಾನತೆಯ ಪ್ರದರ್ಶನ ಪೂರ್ತಿಯಾಗುತ್ತದೆ.

ಇಷ್ಟರಲ್ಲೇ ಇಬ್ಬರ ಬುದ್ಧಿಯ ಅಳತೆ ಸಿಗುತ್ತದೆ. ಸುಲ್ತಾನ ನ್ಯಾಯದ ಬಾಗಿಲು ತೆರೆದಿದ್ದಾನೆ. ಆ ಬಾಗಿಲಿಗೆ ಎಂಥ ಮುಖ ಬೇಕಾಗಿದೆ ಎಂದು ಓದಿಕೊಂಡವನು ಅಜೀಜ್ ಒಬ್ಬನೇ. ಅಗಸ ಅಗಸನಾಗಿಯೇ ಹೋಗಿದ್ದರೆ ಅಲ್ಲಿ ಅವನಿಗೆ ಪ್ರವೇಶವಿರಲಿಲ್ಲ. ಸುಲ್ತಾನನ ಸಮಾನತೆಗೆ ಧರ್ಮದ ಭೇದ ಕಾಣುತ್ತಿತ್ತು, ಕಸುಬಿನ ಭೇದ ಕಾಣುತ್ತಿರಲಿಲ್ಲ. ಅಜೀಜ್ ಸುಲ್ತಾನನಿಗಿಂತ ದೊಡ್ಡ ವಂಚಕನೆಂದು ಹೇಳುವವರು ಈ ಒಂದು ವಿವರದ ಮುಂದೆ ನಿಂತು ಯೋಚಿಸಬೇಕು.

ಈ ದಾವೆಗೆ ಚರಿತ್ರೆಯಲ್ಲಿ ಬೇರೊಂದು ರೂಪವಿದೆ. 1334ರ ಹೊತ್ತಿಗೆ ದೆಹಲಿಗೆ ಬಂದು ಇದೇ ಸುಲ್ತಾನನ ಕೈಕೆಳಗೆ ಕಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತಾ, ಹಿಂದೂ ಸರದಾರನೊಬ್ಬ ತನ್ನ ಸಹೋದರನನ್ನು ಸುಲ್ತಾನ ಕಾರಣವಿಲ್ಲದೆ ಕೊಲ್ಲಿಸಿದನೆಂದು ಕಾಜಿಯ ಬಳಿ ದೂರಿತ್ತ ಪ್ರಸಂಗವನ್ನು ದಾಖಲಿಸಿದ್ದಾನೆ. ಸುಲ್ತಾನ ಆಯುಧವಿಲ್ಲದೆ, ಕಾಲ್ನಡಿಗೆಯಲ್ಲಿ ನ್ಯಾಯಾಲಯಕ್ಕೆ ಹೋಗಿ, ಕಾಜಿಗೆ ವಂದಿಸಿ ನಿಂತನಂತೆ. ತಾನು ಬಂದಾಗ ಎದ್ದು ನಿಲ್ಲಬಾರದೆಂದು ಕಾಜಿಗೆ ಮೊದಲೇ ಅಪ್ಪಣೆಯಾಗಿತ್ತಂತೆ. ಕಾರ್ನಾಡರ ನಾಟಕದಲ್ಲಿ ಕೊಲೆಯ ಜಾಗಕ್ಕೆ ಭೂಮಿ ಬಂದಿದೆ, ಸರದಾರನ ಜಾಗಕ್ಕೆ ಅಗಸ ಬಂದಿದ್ದಾನೆ. ಹಕ್ಕುಪತ್ರ, ತಾರೀಕು, ಪರಿಹಾರ, ನೌಕರಿ ಇವೆಲ್ಲ ಇಪ್ಪತ್ತನೆಯ ಶತಮಾನದ ಓದುಗನಿಗೆ ತಾಲ್ಲೂಕು ಕಚೇರಿಯಷ್ಟೇ ಪರಿಚಿತ.

ಸುಲ್ತಾನನ ಮಹತ್ವಾಕಾಂಕ್ಷೆಯ ಬಗೆ ಏನು? ಎರಡನೆಯ ದೃಶ್ಯದಲ್ಲಿ ಅವನು ಚದುರಂಗದ ಹಳೆಯ ಸಮಸ್ಯೆಯೊಂದನ್ನು ಬಿಡಿಸಿದ ಹಿಗ್ಗಿನಲ್ಲಿದ್ದಾನೆ; ಹಿಂದಿನ ಪ್ರಸಿದ್ಧ ಆಟಗಾರರಿಗೆ ಸಾಧ್ಯವಾಗದ ಸಮಸ್ಯೆ ಅದು. ಮಲತಾಯಿ ಎದುರಿಗಿದ್ದಾಳೆ, ರಾಜನೀತಿ ಬಲ್ಲ ವಜೀರ ನಜೀಬ್ ಇದ್ದಾನೆ, ಇತಿಹಾಸಕಾರ ಬರನಿ ಇದ್ದಾನೆ. ಸುಲ್ತಾನನ ಗೆಳೆಯನೇ ಆದ ಐನ್-ಉಲ್-ಮುಲ್ಕ್ ದಂಡೆತ್ತಿ ಬರುತ್ತಿರುವ ಸುದ್ದಿ ಬರುತ್ತದೆ. ಸುಲ್ತಾನ ಅದನ್ನೂ ಚದುರಂಗದ ಹಾಗೆಯೇ ಬಿಡಿಸುತ್ತಾನೆ. ತನ್ನನ್ನು ಬಹಿರಂಗವಾಗಿ ಟೀಕಿಸುವ ಶೇಖ್ ಇಮಾಮುದ್ದೀನ್ ಚಹರೆಯಲ್ಲಿ ತನ್ನಂತೆಯೇ ಇರುವುದನ್ನು ಗಮನಿಸಿ, ಅವನನ್ನೇ ಶಾಂತಿದೂತನನ್ನಾಗಿ ರಾಜಪೋಷಾಕಿನಲ್ಲಿ ಕಳುಹಿಸಿ ಕೊಲ್ಲಿಸುತ್ತಾನೆ. ಒಂದು ನಡೆಯಲ್ಲಿ ಎರಡು ಕಾಯಿ.

ಇಲ್ಲೂ ಕೆಲಸ ಮಾಡಿದ್ದು ವೇಷ. ಅಜೀಜ್ ಬ್ರಾಹ್ಮಣನ ವೇಷವನ್ನು ತಾನೇ ತೊಟ್ಟ. ಸುಲ್ತಾನ ತನ್ನ ವೇಷವನ್ನು ಇನ್ನೊಬ್ಬನಿಗೆ ತೊಡಿಸಿದ. ಅಪಾಯವನ್ನು ತನ್ನ ಮೈಮೇಲೆ ಎಳೆದುಕೊಳ್ಳುವವನು ಅಗಸ, ಬೇರೆಯವರ ಮೈಮೇಲೆ ಹಾಕುವವನು ದೊರೆ. ನಾಟಕದ 13 ದೃಶ್ಯಗಳ ಉದ್ದಕ್ಕೂ ಈ ವ್ಯತ್ಯಾಸ ಉಳಿಯುತ್ತದೆ ಎಂದೇನೂ ಅಲ್ಲ. ಅಜೀಜ್ ಮೇಲೇರಿದಂತೆ ಅವನೂ ಕೊಲ್ಲುವುದನ್ನು ಕಲಿಯುತ್ತಾನೆ.

ಆದರೂ ಸುಲ್ತಾನನನ್ನು ಬರಿಯ ಕಪಟಿ ಎಂದು ತಳ್ಳಿಹಾಕುವುದು ನಾಟಕಕ್ಕೆ ಮಾಡುವ ಅನ್ಯಾಯ. ಅವನ ಕನಸುಗಳು ನಿಜವಾದವು. ಹಗಲು ರಾತ್ರಿ ದುಡಿಯುತ್ತಾನೆ, ನಿದ್ದೆ ಬಿಟ್ಟಿದ್ದಾನೆ, ಗ್ರೀಕರ ತತ್ವಶಾಸ್ತ್ರ ಓದಿದ್ದಾನೆ. ಸಾದಿಯ ಕಾವ್ಯದ ಸೊಬಗನ್ನು ನೆಲದ ಮೇಲೆ ಇಳಿಸುವಂಥ ಗುಲಾಬಿ ತೋಟ ಅವನಿಗೆ ಬೇಕು. ಅವನ ತೊಂದರೆ ಇರುವುದು ಬೇರೆ ಕಡೆ. ಕನಸಿನೊಳಗೆ ವಾಸಿಸಬೇಕಾದ ಜನರನ್ನು ಅವನು ಒಮ್ಮೆಯೂ ಕೇಳುವುದಿಲ್ಲ. ಕೇಳಿದ ಹಾಗೆ ಮಾಡುತ್ತಾನೆ. ಅಮೀರರನ್ನು ಕರೆಸಿ ಸಹಕಾರ ಬೇಡುತ್ತಾನೆ, ಅದೂ ನಿರ್ಧಾರವಾದ ಮೇಲೆ. ಅವರು ನಮಾಜಿನ ಹೊತ್ತಿನಲ್ಲಿ ಅವನನ್ನು ಮುಗಿಸಲು ಸಂಚು ಹೂಡುತ್ತಾರೆ. ಸಂಚು ಬಯಲಾಗುತ್ತದೆ. ಸಂಚಿನಲ್ಲಿ ಸೇರಿದ್ದ ಶಿಹಾಬುದ್ದೀನನನ್ನು ಸುಲ್ತಾನ ಇರಿದು ಕೊಲ್ಲುತ್ತಾನೆ. ಅಬ್ಬಾಸಿ ಖಲೀಫರ ವಂಶಜ ಘಿಯಾಸುದ್ದೀನ್ ಬರುವ ತನಕ ರಾಜ್ಯದಲ್ಲಿ ಪ್ರಾರ್ಥನೆಯೇ ನಿಷಿದ್ಧವಾಗುತ್ತದೆ.

ಇತ್ತ ಅಜೀಜನಿಗೆ ನೌಕರಿ ಸಿಕ್ಕಿದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರ ಮಾತನ್ನು ನಮ್ಮ ಹಿರಿಯರು ಆಡಿದ್ದು ಇಂಥವನನ್ನು ಕಂಡೇ ಇರಬೇಕು. ದೆಹಲಿಯಿಂದ ದೌಲತಾಬಾದಿಗೆ ಹೋಗುವ ದಾರಿಯ ಬಿಡಾರವೊಂದರಲ್ಲಿ ಅವನು ಅಧಿಕಾರಿ. ಸುಲ್ತಾನ ತಾಮ್ರದ ನಾಣ್ಯ ಹೊರಡಿಸುತ್ತಾನೆಂಬ ಸುದ್ದಿ ಬಂದದ್ದೇ ಖೋಟಾ ನಾಣ್ಯದ ಯೋಜನೆ ಸಿದ್ಧ. ಸುಲ್ತಾನನ ಒಂದೊಂದು ಸುಧಾರಣೆಯೂ ಅವನಿಗೆ ಒಂದೊಂದು ಮೆಟ್ಟಿಲು.

ಆ ದಾರಿಯ ದೃಶ್ಯದಲ್ಲೇ ನಾಟಕದ ಅತ್ಯಂತ ಕಠಿಣವಾದ ಪ್ರಸಂಗ ಬರುತ್ತದೆ. ಕಂಕುಳಲ್ಲಿ ಸಾಯುತ್ತಿರುವ ಮಗುವನ್ನು ಹೊತ್ತ ಹಿಂದೂ ಹೆಂಗಸೊಬ್ಬಳು ವೈದ್ಯನ ಬಳಿ ಹೋಗಲು ಅಪ್ಪಣೆ ಬೇಡುತ್ತಾಳೆ. ಅಜೀಜ್ ದುಡ್ಡು ಕೇಳುತ್ತಾನೆ. ಅವಳ ಹತ್ತಿರ ಇರುವಷ್ಟು ಗಂಡನ ಔಷಧಿಗೆ ಬೇಕು. ಅವನು ಬಿಡುವುದಿಲ್ಲ. ಆಜಮ್ ಕರಗಿ ತಾನೇ ದುಡ್ಡು ಕೊಡಲು ಹೊರಟಾಗ ಅಜೀಜ್ ತಡೆಯುತ್ತಾನೆ. ಮಗು ಹೇಗೂ ಉಳಿಯುವುದಿಲ್ಲ, ವೈದ್ಯನಿಗೆ ಸುರಿದರೆ ಹಣವೂ ಹೋಗುತ್ತದೆ ಎಂಬುದು ಅವನ ಲೆಕ್ಕ.

ಅಜೀಜನ ಚುರುಕುತನಕ್ಕೆ ಮರುಳಾದ ಪ್ರೇಕ್ಷಕ ಇಲ್ಲಿ ತಡವರಿಸಲೇಬೇಕು. ಕೆಳಗಿನವನೊಬ್ಬ ಮೇಲಕ್ಕೆ ಹತ್ತುವ ಕಥೆ ಎಲ್ಲ ಕಾಲದಲ್ಲೂ ಪ್ರಿಯವಾದದ್ದು. ಅವನು ವ್ಯವಸ್ಥೆಯನ್ನು ಯಾಮಾರಿಸಿದಷ್ಟೂ ನೋಡುವವರಿಗೆ ಖುಷಿ. ಆದರೆ ಇಲ್ಲಿ ಅವನು ಯಾಮಾರಿಸುತ್ತಿರುವುದು ವ್ಯವಸ್ಥೆಯನ್ನಲ್ಲ. ಅವನೇ ವ್ಯವಸ್ಥೆ. ಮಗುವಿನ ಬಗ್ಗೆ ಅವನು ಹಾಕುವ ಲೆಕ್ಕಕ್ಕೂ ಶೇಖ್ ಇಮಾಮುದ್ದೀನನ ಬಗ್ಗೆ ಸುಲ್ತಾನ ಹಾಕಿದ ಲೆಕ್ಕಕ್ಕೂ ಒಳಗಿನ ಹಂದರ ಒಂದೇ: ಇವನು ಹೇಗೂ ಉಳಿಯುವವನಲ್ಲ, ಹಾಗಾಗಿ ಉಪಯೋಗವಾಗಲಿ. ಮಲತಾಯಿಯ ಎದುರಿಗೆ ಸುಲ್ತಾನ ತನ್ನ ಕೊಲೆಗಳನ್ನು ಒಪ್ಪಿಕೊಳ್ಳುವಾಗ ಆದರ್ಶದ ಹೆಸರು ಹೇಳುತ್ತಾನೆ. ಅಜೀಜ್ ಹಣದ ಹೆಸರು ಹೇಳುತ್ತಾನೆ. ಸತ್ತವರ ಕಡೆಯಿಂದ ನೋಡಿದಾಗ ಈ ಎರಡರಲ್ಲಿ ಯಾವುದು ಹೆಚ್ಚು ಮಾನವೀಯ ಎಂಬ ಪ್ರಶ್ನೆ ನಾಟಕದ ನಡುವೆ ಬಿಡದೆ ಕೂತಿದೆ.

ಖೋಟಾ ನಾಣ್ಯಗಳು ಕಡೆಗೆ ಬಂದು ಬೀಳುವುದು ಸುಲ್ತಾನನ ತೋಟದಲ್ಲಿ. ಬೊಕ್ಕಸದ ಬೆಳ್ಳಿ ಬಂಗಾರ ಕೊಟ್ಟು ಸರ್ಕಾರ ಹಿಂದಕ್ಕೆ ಪಡೆದ ತಾಮ್ರ, ಗುಲಾಬಿ ಅರಳಬೇಕಾದ ಜಾಗದಲ್ಲಿ ರಾಶಿಯಾಗುತ್ತದೆ. ಚರಿತ್ರೆಯಲ್ಲೂ ಇದು ನಡೆಯಿತು. ಲೋಹದ ಬೆಲೆಗಿಂತ ಹೆಚ್ಚಿನ ಮುಖಬೆಲೆಯ ನಾಣ್ಯ ಹೊರಡಿಸುವುದು ತಪ್ಪಾದ ಯೋಚನೆಯಾಗಿರಲಿಲ್ಲ. ಚೀನಾದಲ್ಲಿ ಆ ಹೊತ್ತಿಗೆ ಕಾಗದದ ಹಣವೇ ಚಲಾವಣೆಯಲ್ಲಿತ್ತು. ಆದರೆ ಮನೆಯಲ್ಲಿ ಅಚ್ಚು ಹಾಕಲಾಗದಂಥ ನಾಣ್ಯವನ್ನು ತಯಾರಿಸುವ ಏರ್ಪಾಡು ದೆಹಲಿಯಲ್ಲಿರಲಿಲ್ಲ. ಯೋಚನೆಗೂ ಏರ್ಪಾಡಿಗೂ ನಡುವೆ ಬಿಟ್ಟ ಸಂದಿನಲ್ಲೇ ಅಜೀಜನಂಥವರ ಬದುಕು.

ಬರನಿಯ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ನಾಟಕದ ಬರನಿ ಮೃದು ಸ್ವಭಾವದ, ಸುಲ್ತಾನನಿಗಾಗಿ ನೊಂದುಕೊಳ್ಳುವ ಸ್ನೇಹಿತ. ಚರಿತ್ರೆಯ ಜಿಯಾವುದ್ದೀನ್ ಬರನಿ 17 ವರ್ಷ ಈ ಸುಲ್ತಾನನ ಒಡನಾಡಿಯಾಗಿದ್ದು, ಮುಂದೆ ಬಡತನದಲ್ಲಿ ಕುಳಿತು 1357ರ ಸುಮಾರಿಗೆ ‘ತಾರೀಖ್-ಇ-ಫಿರೋಜ್‌ಶಾಹಿ’ ಮುಗಿಸಿದವನು. ಅವನಿಗೆ ಸುಲ್ತಾನನ ಮೇಲಿದ್ದ ದೊಡ್ಡ ಕೋಪಗಳಲ್ಲೊಂದು, ಕೀಳು ಕುಲದವರನ್ನು ಮೇಲಿನ ಹುದ್ದೆಗೆ ಏರಿಸಿದನೆಂಬುದು. ಹಾಡುಗಾರ, ಕ್ಷೌರಿಕ, ಅಡುಗೆಯವ, ತೋಟಗಾರ, ನೇಕಾರ ಎಂದು ಅವನು ಪಟ್ಟಿಯನ್ನೇ ಕೊಡುತ್ತಾನೆ. ಆ ಪಟ್ಟಿಯಲ್ಲಿ ಹೆಂಡದ ಕಸುಬಿನವನೊಬ್ಬನಿದ್ದಾನೆ. ಅವನ ಹೆಸರು ಅಜೀಜ್, ಅಜೀಜ್ ಖಮ್ಮಾರ್. ಸುಲ್ತಾನ ಅವನಿಗೆ ಮಾಳವದ ಆಡಳಿತ ವಹಿಸಿದ್ದ. ಬರನಿಯ ಪುಸ್ತಕದಲ್ಲಿ ಇಂಥವರಿಗೆ ಬೈಗುಳ ಮಾತ್ರ ಸಿಕ್ಕಿತು, ಮಾತಾಡಲು ಬಾಯಿ ಸಿಗಲಿಲ್ಲ. ಕನ್ನಡದ ನಾಟಕಕಾರ ಒಬ್ಬ ಅಜೀಜನಿಗೆ ಬಾಯಿ ಕೊಟ್ಟು ಬರನಿಯ ಎದುರಿಗೇ ನಿಲ್ಲಿಸಿದರು. ‘ತುಘಲಕ್’ ಮಾಡಿದ ಅತಿ ದಿಟ್ಟ ಕೆಲಸ ಇದೇ.

ಹೆಸರಿನ ವಿಷಯಕ್ಕೇ ಬಂದರೆ, ಇಬ್ಬರ ಆಕಾಂಕ್ಷೆಗಳು ದೂರವಾಗುವುದೂ ಅಲ್ಲೇ. ಸುಲ್ತಾನನಿಗೆ ಇತಿಹಾಸದಲ್ಲಿ ಹೆಸರು ಉಳಿಯಬೇಕು. ಅದಕ್ಕಾಗಿ ಇತಿಹಾಸಕಾರನನ್ನು ಬಳಿಯಲ್ಲಿಟ್ಟುಕೊಂಡಿದ್ದಾನೆ. ಅಜೀಜ್ ಒಂದೊಂದು ಮೆಟ್ಟಿಲಲ್ಲೂ ಹೆಸರನ್ನು ಕಳಚಿ ಎಸೆಯುತ್ತಾನೆ. ವಿಷ್ಣುಪ್ರಸಾದನಾಗುತ್ತಾನೆ, ದರೋಡೆಕೋರನಾಗುತ್ತಾನೆ, ಕಡೆಗೆ ಬೆಟ್ಟದ ಅಡಗುತಾಣದಲ್ಲಿ ಘಿಯಾಸುದ್ದೀನ್ ಅಬ್ಬಾಸಿಯನ್ನು ಕೊಂದು ಅವನ ಪೇಟವನ್ನೇ ಸುತ್ತಿಕೊಂಡು ಖಲೀಫರ ವಂಶಜನಾಗುತ್ತಾನೆ. ಸುಲ್ತಾನ ತನ್ನ ಪೂರ್ತಿ ರಾಜ್ಯದ ಪ್ರಾರ್ಥನೆಯನ್ನು ಯಾರಿಗಾಗಿ ಐದು ವರ್ಷ ನಿಲ್ಲಿಸಿದ್ದನೋ ಆ ಅತಿಥಿಯ ರೂಪದಲ್ಲಿ ದೌಲತಾಬಾದಿಗೆ ಬಂದವನು ಅಗಸ. ಸುಲ್ತಾನ ಎಲ್ಲರೆದುರು ಅವನಿಗೆ ತಲೆಬಾಗುತ್ತಾನೆ. ಘಿಯಾಸುದ್ದೀನ್ ಎಂಬ ಅಬ್ಬಾಸಿ ರಾಜಕುಮಾರ ನಿಜವಾಗಿಯೂ ದೆಹಲಿಗೆ ಬಂದಿದ್ದ. ಅವನ ಪಾದವನ್ನು ಸುಲ್ತಾನ ತನ್ನ ಕುತ್ತಿಗೆಯ ಮೇಲೆ ಇರಿಸಿಕೊಂಡನೆಂದು ಇಬ್ನ್ ಬತೂತಾ ಬರೆದಿದ್ದಾನೆ. ಹೊಟ್ಟೆಗಿಲ್ಲದ ಜನರ ನಡುವೆ ನಡೆದ ಈ ಸ್ವಾಗತ ನಾಟಕದಲ್ಲಿ ದಂಗೆಯಾಗಿ ಸಿಡಿಯುತ್ತದೆ. ಮಗು ಕಳೆದುಕೊಂಡ ಆ ಹೆಂಗಸೂ ಆ ಗುಂಪಿನಲ್ಲಿದ್ದಾಳೆ.

ಹದಿಮೂರನೆಯ ದೃಶ್ಯಕ್ಕೆ ಬರುವ ಹೊತ್ತಿಗೆ ಸುಲ್ತಾನನ ಸುತ್ತ ಯಾರೂ ಉಳಿದಿಲ್ಲ. ನಜೀಬನನ್ನು ಮಲತಾಯಿ ಕೊಲ್ಲಿಸಿದಳು, ಅದಕ್ಕಾಗಿ ಅವಳನ್ನು ಸುಲ್ತಾನ ಕಲ್ಲೆಸೆದು ಕೊಲ್ಲುವ ಶಿಕ್ಷೆಗೆ ಒಪ್ಪಿಸಿದ. ಬರನಿ ಬಿಟ್ಟು ಹೋಗಲು ಅನುಮತಿ ಕೇಳುತ್ತಾನೆ. ಅಜೀಜನಿಗೂ ಇದ್ದೊಬ್ಬ ಗೆಳೆಯ ಆಜಮ್ ಓಡಿಹೋಗಲು ಹೊರಟು ಹೆಣವಾದ. ಅದರಿಂದಲೇ ಅಜೀಜನ ಗುಟ್ಟು ರಟ್ಟಾಯಿತು. ಸುಲ್ತಾನ ಅವನನ್ನು ವಿಚಾರಣೆಗೆ ಎಳೆಯುತ್ತಾನೆ. ಪ್ರಾಣಭಿಕ್ಷೆ ಬೇಡಬೇಕಾದವನು ತನ್ನ ಜೀವನಚರಿತ್ರೆ ಹೇಳತೊಡಗುತ್ತಾನೆ. ಸುಲ್ತಾನ ಹೊರಡಿಸಿದ ಒಂದೊಂದು ಶಾಸನವನ್ನೂ ಮನಸಾರೆ ನಂಬಿ ಪಾಲಿಸಿದವನು ತಾನೊಬ್ಬನೇ ಎಂದು ವಾದಿಸುತ್ತಾನೆ. ಅದರಲ್ಲಿ ಸುಳ್ಳೇನಿಲ್ಲ. ಧರ್ಮಗುರುಗಳು ವಿರೋಧಿಸಿದರು, ಅಮೀರರು ಸಂಚು ಹೂಡಿದರು, ಜನ ಶಪಿಸಿದರು. ಸುಲ್ತಾನನ ಹೊಸ ಲೋಕದಲ್ಲಿ ಹೊಸ ಮನುಷ್ಯನಾದವನು ಅಗಸ ಒಬ್ಬನೇ.

ಆ ಜೀವನಚರಿತ್ರೆಯ ಒಂದು ಪುಟ ಕರ್ನಾಟಕದ ಓದುಗರನ್ನು ಇನ್ನಷ್ಟು ತಟ್ಟಬೇಕು. ಬಂಡುಕೋರರ ಹೆಣಗಳ ಚರ್ಮಕ್ಕೆ ಹುಲ್ಲು ತುಂಬಿ ನೇತುಹಾಕುವ ಕೆಲಸವನ್ನೂ ಅಜೀಜ್ ಮಾಡಿದ್ದಾನೆ. ಈ ಶಿಕ್ಷೆ ನಾಟಕಕಾರರ ಕಲ್ಪನೆಯಲ್ಲ. ಸುಲ್ತಾನನ ಬಂಧುವೇ ಆದ ಬಹಾವುದ್ದೀನ್ ಗುರ್ಶಾಸ್ಪ್ ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಬಂಡೆದ್ದು, ಸೋತು, ಕಂಪಿಲಿಯ ದೊರೆಯಲ್ಲಿ ಆಶ್ರಯ ಪಡೆದ. ಆಶ್ರಯ ಕೊಟ್ಟ ತಪ್ಪಿಗೆ 1327ರ ಸುಮಾರಿಗೆ ಕಂಪಿಲಿ ನಾಶವಾಯಿತು. ಕುಮಾರರಾಮನ ಕಥೆಯಾಗಿ ಆ ನಾಶ ಇಂದಿಗೂ ಜನರ ಬಾಯಲ್ಲಿದೆ. ಅಲ್ಲಿಂದ ತಪ್ಪಿಸಿಕೊಂಡ ಗುರ್ಶಾಸ್ಪನನ್ನು ಹೊಯ್ಸಳ ಮೂರನೆಯ ಬಲ್ಲಾಳ ಹಿಡಿದೊಪ್ಪಿಸಿದ. ಅವನ ಚರ್ಮ ಸುಲಿಸಿ, ಹುಲ್ಲು ತುಂಬಿ, ಊರೂರು ಮೆರೆಸಲಾಯಿತು. ನಾಟಕ ಆರಂಭವಾಗುವುದೂ ಅದೇ 1327ರಲ್ಲಿ. ದೆಹಲಿಯ ಅಂಗಳದಲ್ಲಿ ಬ್ರಾಹ್ಮಣನಿಗೆ ನ್ಯಾಯ ಸಿಕ್ಕ ದಿನಗಳಲ್ಲೇ ತುಂಗಭದ್ರೆಯ ದಂಡೆಯಲ್ಲಿ ಅದೇ ದೊರೆಯ ಇನ್ನೊಂದು ಮುಖ ಕಾಣಿಸಿತ್ತು.

ನಿನಗೆ ಏನು ಶಿಕ್ಷೆ ಕೊಡಲಿ ಎಂದು ಸುಲ್ತಾನ ಕೇಳುತ್ತಾನೆ. ಅಧಿಕಾರಿಯನ್ನಾಗಿ ಮಾಡಿ ಎನ್ನುತ್ತಾನೆ ಅಜೀಜ್. ಸುಲ್ತಾನ ನಗುತ್ತಾನೆ, ಒಪ್ಪುತ್ತಾನೆ, ದಖ್ಖನಿಗೆ ಕಳುಹಿಸುತ್ತಾನೆ. ಬರನಿಗೆ ಇದನ್ನು ಸಹಿಸಲಾಗುವುದಿಲ್ಲ. ಪ್ರೇಕ್ಷಕರಲ್ಲೂ ಅನೇಕರಿಗೆ ಇದು ಸುಲ್ತಾನನ ಹುಚ್ಚಿನ ಕೊನೆಯ ಹಂತವಾಗಿ ಕಂಡಿದೆ. ಆದರೆ ಆ ಗಳಿಗೆಯಲ್ಲಿ ಸುಲ್ತಾನನ ಬುದ್ಧಿ ಅತ್ಯಂತ ಸ್ವಚ್ಛವಾಗಿದೆ ಎಂದು ಓದಲು ಸಾಧ್ಯವಿದೆ, ಓದಬೇಕು ಕೂಡ. ತನ್ನನ್ನು ಅರ್ಥ ಮಾಡಿಕೊಂಡವನೊಬ್ಬ ಮೊದಲ ಸಲ ಅವನೆದುರು ನಿಂತಿದ್ದಾನೆ. ಅವನನ್ನು ಶಿಕ್ಷಿಸಿದರೆ ತನ್ನ ಇಡೀ ಆಳ್ವಿಕೆಯನ್ನೇ ಅಪರಾಧವೆಂದು ಬರೆದುಕೊಟ್ಟಂತೆ.

ರಂಗದ ಮೇಲೆ ಈ ದೃಶ್ಯ ಹೇಗೆ ಬರುತ್ತದೆ ಎಂಬುದು ಅಜೀಜನ ಪಾತ್ರಧಾರಿಯನ್ನು ಅವಲಂಬಿಸಿದೆ. ಕನ್ನಡದಲ್ಲಿ ಸಿ.ಆರ್. ಸಿಂಹ, ಹಿಂದುಸ್ತಾನಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರು 1970ರ ದಶಕದಲ್ಲಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದಾಗ ಮನೋಹರ ಸಿಂಗ್, ಹೀಗೆ ತುಘಲಕನ ಪಾತ್ರಧಾರಿಗಳ ಹೆಸರು ರಂಗಪ್ರಿಯರ ನಾಲಗೆಯ ಮೇಲಿದೆ. ಅಜೀಜನಾಗಿ ನಟಿಸಿದವರ ಬಗ್ಗೆ ಇಷ್ಟು ಮಾತು ಕೇಳಿಬರುವುದಿಲ್ಲ. ಅವನನ್ನು ಹಾಸ್ಯದ ಪಾತ್ರವೆಂದೇ ಆಡಿಸಿದರೆ ಹದಿಮೂರನೆಯ ದೃಶ್ಯ ಕುಸಿಯುತ್ತದೆ. ಬೀದಿಯ ದೃಶ್ಯಗಳಲ್ಲಿ ನಗಿಸಿದವನೇ ದಾರಿಯ ದೃಶ್ಯದಲ್ಲಿ ಹೆದರಿಸಬೇಕು, ಕೊನೆಯಲ್ಲಿ ಸುಲ್ತಾನನ ಕಣ್ಣಲ್ಲಿ ಕಣ್ಣಿಟ್ಟು ವಾದಿಸಬೇಕು. ಈ ಪಾತ್ರಕ್ಕೆ ತಂಡದ ಎರಡನೆಯ ಅತ್ಯುತ್ತಮ ನಟನಲ್ಲ, ಮೊದಲನೆಯವನೇ ಬೇಕಾದೀತು.

ನಾಟಕ ಅಜೀಜನನ್ನು ದಖ್ಖನಿಗೆ ಕಳುಹಿಸಿ ಮರೆತುಬಿಡುತ್ತದೆ. ಸುಲ್ತಾನ ಸಿಂಹಾಸನದ ಮೇಲೆ ನಿದ್ದೆಹೋಗುತ್ತಾನೆ, ಎಚ್ಚರಗೊಂಡು ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡುತ್ತಾನೆ. ಚರಿತ್ರೆಯ ದಖ್ಖನಿನಲ್ಲಿ ನಡೆದದ್ದು ಇಷ್ಟು: ಹೆಂಡದ ಕಸುಬಿನ ಆ ಇನ್ನೊಬ್ಬ ಅಜೀಜ್ ಮಾಳವದ ಧಾರ್‌ನಲ್ಲಿ ಸೇನಾ ಅಮೀರರನ್ನು ಹಿಡಿದು ಸಾಮೂಹಿಕವಾಗಿ ಕೊಲ್ಲಿಸಿದ. ಭಯಗೊಂಡ ಉಳಿದ ಅಮೀರರು ಗುಜರಾತಿನಿಂದ ದೌಲತಾಬಾದಿನ ತನಕ ಬಂಡೆದ್ದರು. 1347ರಲ್ಲಿ ಅವರಲ್ಲೊಬ್ಬನಾದ ಜಾಫರ್ ಖಾನ್, ಅಲಾವುದ್ದೀನ್ ಬಹಮನ್ ಶಾ ಎಂಬ ಹೊಸ ಹೆಸರು ಹೊತ್ತು ಗದ್ದುಗೆ ಏರಿದ. ಕಲಬುರಗಿ ಅವನ ರಾಜಧಾನಿಯಾಯಿತು. ಸುಲ್ತಾನ ಅದನ್ನು ಮರಳಿ ಪಡೆಯಲಾಗದೆ, ಬಂಡಾಯಗಾರನೊಬ್ಬನ ಬೆನ್ನು ಹತ್ತಿ ಹೋದವನು 1351ರಲ್ಲಿ ಸಿಂಧ್‌ನ ಥಟ್ಟಾದ ಬಳಿ ತೀರಿಕೊಂಡ.